ಕೆಲಸ ಹೋದರೆ ಬಾಯಿಬಿಟ್ಟು ಹೇಳಬೇಕು

ಜರ್ಮನಿಯಲ್ಲಿ ಕೆಲಸ ಹೋಗುತ್ತದೆ ಎಂದು ಗೊತ್ತಾದರೆ ಅದನ್ನು ಸರ್ಕಾರದ ಉದ್ಯೋಗ ಕಚೇರಿಗೆ ಮೊದಲೇ ತಿಳಿಸಬೇಕು. ಕೊನೆಯ ದಿನಕ್ಕೆ ಮೂರು ತಿಂಗಳಿರುವಾಗಲೇ ಹೆಸರು ಬರೆಸಬೇಕು. ಅಷ್ಟು ಕಾಲಾವಕಾಶ ಇಲ್ಲದಿದ್ದರೆ ವಿಷಯ ತಿಳಿದ ಮೂರು ದಿನದೊಳಗೆ. ತಡಮಾಡಿದರೆ ಒಂದು ವಾರದ ನಿರುದ್ಯೋಗ ಭತ್ಯೆ ಖೋತಾ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ನಮ್ಮವರಿಗೆಲ್ಲ ಈಗ ಈ ನಿಯಮ ಬಾಯಿಪಾಠ. 2024ರ ಜುಲೈನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಜೆಡ್‌ಎಫ್ ಕಂಪನಿ ಜರ್ಮನಿಯಲ್ಲಿ 14,000ದವರೆಗೆ ಹುದ್ದೆ ಕಡಿತ ಮಾಡುವುದಾಗಿ ಹೇಳಿತು. ಆ ವರ್ಷದ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಎಂದಿತು. ಅಲ್ಲಿಂದೀಚೆಗೆ ಕನ್ನಡ ಸಂಘದ ಊಟದ ಪಂಕ್ತಿಯಲ್ಲೂ ಇದೇ ಮಾತು.

ಇಲ್ಲಿನ ಪದ್ಧತಿಯಲ್ಲಿ ದುಡ್ಡಿಗಿಂತ ಹೆಚ್ಚಾಗಿ ನನಗೆ ಹಿಡಿಸಿರುವುದು ಈ ಮೊದಲ ಹೆಜ್ಜೆಯೇ. ಹೇಳದೆ ಇರುವ ದಾರಿಯೇ ಇಲ್ಲ. ನಮ್ಮಲ್ಲಿ ಕೆಲಸ ಹೋದವರು ಮೊದಲು ಮಾಡುವುದು ಮುಚ್ಚಿಡುವ ಕೆಲಸ. ಬೆಂಗಳೂರಿನಲ್ಲಿರುವ ನನ್ನ ಸೋದರಮಾವನ ಮಗ ಬೆಳಿಗ್ಗೆ ಸ್ನಾನ ಮಾಡಿ, ಡಬ್ಬಿ ತಗೊಂಡು, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದ. ಕಬ್ಬನ್ ಪಾರ್ಕಿನಲ್ಲೋ ಮಾಲಿನ ಫುಡ್ ಕೋರ್ಟಿನಲ್ಲೋ ದಿನ ಕಳೆದು ಆಫೀಸು ಬಿಡುವ ಹೊತ್ತಿಗೆ ವಾಪಸಾಗುತ್ತಿದ್ದ. ಅತ್ತೆಗೆ ಗೊತ್ತಾಗಿದ್ದು ಮನೆ ಸಾಲದ ಕಂತು ಬೌನ್ಸ್ ಆದಾಗ. ಅವರು ಆಡಿದ ಮೊದಲ ಮಾತು, "ಮೊದಲೇ ಹೇಳಬಾರದಿತ್ತೇನೋ, ಎದುರುಮನೆಯವರ ಅಳಿಯ ಜನ ಬೇಕು ಅಂತಿದ್ದರಲ್ಲೋ." ಆ ಹುದ್ದೆ ಅಷ್ಟರಲ್ಲಿ ಭರ್ತಿಯಾಗಿತ್ತು. ಅವನನ್ನು ನಾನು ದೂರುವುದಿಲ್ಲ. ಕೆಲಸವಿಲ್ಲದ ಹುಡುಗನ ಬಗ್ಗೆ "ಸದ್ಯಕ್ಕೆ ಮನೇಲಿದ್ದಾನೆ" ಎಂದು ದನಿ ತಗ್ಗಿಸಿ ಹೇಳುವ ನಾವೆಲ್ಲ ಸೇರಿ ಅವನನ್ನು ಪಾರ್ಕಿಗೆ ಕಳಿಸಿದ್ದು.

ಇಲ್ಲಿ ನನಗೂ ಒಮ್ಮೆ ಕೆಲಸ ಹೋಗಿತ್ತು. ಉದ್ಯೋಗ ಕಚೇರಿಯ ಸಲಹೆಗಾರ್ತಿ ಎದುರು ಕೂರಿಸಿಕೊಂಡು ನಾನು ಮಾಡಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಕೇಳಿ ಕಂಪ್ಯೂಟರಿಗೆ ತುಂಬಿಸಿದರು. ಆಮೇಲೆ ಒಂದು ಒಪ್ಪಂದ ಪ್ರಿಂಟ್ ಆಗಿ ಬಂತು. ತಿಂಗಳಿಗೆ ಎಷ್ಟು ಅರ್ಜಿ ಹಾಕುತ್ತೇನೆ, ಎಷ್ಟು ದೂರದವರೆಗೆ ಹುಡುಕುತ್ತೇನೆ, ಯಾವ ತರಬೇತಿ ವಿಚಾರಿಸುತ್ತೇನೆ ಎಂಬುದು ನನ್ನ ಪಾಲು. ಅರ್ಜಿ ಖರ್ಚು, ಸಂದರ್ಶನಕ್ಕೆ ಹೋಗಿಬರುವ ಖರ್ಚಿನಲ್ಲಿ ಏನು ಕೊಡುತ್ತಾರೆ ಎಂಬುದು ಅವರ ಪಾಲು. ಆ ಕಚೇರಿಯಿಂದ ಎಂಜಿನಿಯರಿಗೆ ಕೆಲಸ ಸಿಗುವುದು ಅಪರೂಪ, ನನಗೂ ಸಿಗಲಿಲ್ಲ. ಆದರೆ ಆ ಒಂದು ಹಾಳೆಯಿಂದ ನನ್ನ ದಿನಕ್ಕೊಂದು ಅಳತೆ ಬಂತು. ಇಂದಿನ ಅರ್ಜಿ ಕಳಿಸಿದ್ದೇನೆ, ಇಂದಿನ ಪಾಠ ಓದಿದ್ದೇನೆ, ಇನ್ನು ಮಗಳ ಜೊತೆ ಆಡಬಹುದು ಎಂದು ಸಂಜೆ ನೆಮ್ಮದಿಯಿಂದ ಏಳಬಹುದಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಕೇಳಿ ಬೆಳೆದ ನಮಗೆ, ಕೆಲಸ ಹುಡುಕುವುದು ಕೂತು ಉಣ್ಣುವುದಲ್ಲ ಎಂದು ಯಾರಾದರೂ ಬರೆದು ಸಹಿ ಹಾಕಿ ಕೊಡಬೇಕಾಗುತ್ತದೆ.

ಹಣದ ಲೆಕ್ಕ ಹೀಗೆ: ಸಂಬಳದಿಂದ ತಿಂಗಳು ತಿಂಗಳು ವಿಮೆ ಕಟ್ಟಿದವರಿಗೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇ. 60, ಮಕ್ಕಳಿದ್ದರೆ ಶೇ. 67. ಎರಡು ವರ್ಷ ಕಟ್ಟಿದ್ದರೆ ಒಂದು ವರ್ಷದವರೆಗೆ ಬರುತ್ತದೆ. ಐವತ್ತು ದಾಟಿದವರಿಗೆ ಇನ್ನೂ ಹೆಚ್ಚು ಕಾಲ. ಕಚೇರಿ ಒಪ್ಪಿದರೆ ತರಬೇತಿಯ ಪೂರ್ತಿ ಶುಲ್ಕ ಅವರದೇ. ತರಬೇತಿಯ ಎರಡು ದಿನಕ್ಕೆ ಭತ್ಯೆಯ ಒಂದೇ ದಿನ ಕಳೆಯುತ್ತಾರೆ, ಅಂದರೆ ಕಲಿಯುತ್ತಾ ಕೂತವರಿಗೆ ಆಸರೆ ಹೆಚ್ಚು ದಿನ ಬಾಳುತ್ತದೆ. ಇಲ್ಲಿರುವ ಕನ್ನಡಿಗರಿಗೆ ನನ್ನದೊಂದು ಒತ್ತಾಯ: ಆ ದಿನಗಳನ್ನು ಇನ್ನೊಂದು ಕ್ಲೌಡ್ ಸರ್ಟಿಫಿಕೇಟಿಗೆ ಸುರಿಯಬೇಡಿ, ಜರ್ಮನ್ ಭಾಷೆಗೆ ಕೊಡಿ. ಇಂಗ್ಲಿಷ್ ಸಾಕು ಎನ್ನುವ ಕಂಪನಿಗಳೇ ಮೊದಲು ನೇಮಕಾತಿ ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇವೆ.

ಇಲ್ಲಿ ಎಲ್ಲವೂ ಸಲೀಸು ಅಂತಲ್ಲ. ವೀಸಾ ಮೇಲಿರುವವರು ಕೆಲಸ ಹೋದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಬೇಕು, ಆ ಕಚೇರಿಯ ಪತ್ರ ಬರುವವರೆಗೆ ನಿದ್ದೆ ಬರುವುದಿಲ್ಲ. ಭತ್ಯೆ ಪಡೆಯುವಾಗ ಕೇಳದೆ ಊರು ಬಿಡುವಂತಿಲ್ಲ, ಕೇಳಿದರೂ ವರ್ಷಕ್ಕೆ ಮೂರು ವಾರ. ಅಮ್ಮನ ಹತ್ತಿರ ಎರಡು ತಿಂಗಳು ಇದ್ದು ಬರೋಣ ಎನಿಸುವುದು ಅದೇ ಹೊತ್ತಿನಲ್ಲಿ. ನಮ್ಮ ಮಹಡಿಯಲ್ಲಿರುವ ಜರ್ಮನ್ ದಂಪತಿಗೆ ನನ್ನ ಕೆಲಸ ಹೋದದ್ದೂ ಗೊತ್ತಾಗಲಿಲ್ಲ, ಸಿಕ್ಕಿದ್ದೂ ಗೊತ್ತಾಗಲಿಲ್ಲ. ಅದೇ ತುಮಕೂರಿನಲ್ಲಾಗಿದ್ದರೆ, ಬಾಯಿಬಿಟ್ಟಿದ್ದರೆ ಸಾಕು, ನಾಲ್ಕು ಜನ ನಾಲ್ಕು ಕಡೆ ಫೋನು ಮಾಡುತ್ತಿದ್ದರು. ಈ ಬಲ ಇಲ್ಲಿನವರಿಗಿಲ್ಲ. ಇರುವ ನಾವು ನಾಚಿಕೆಪಟ್ಟು ಬಳಸುತ್ತಿಲ್ಲ ಎಂಬುದೇ ನನ್ನ ಸಂಕಟ.

ಇನ್ನೊಂದು ಸಂಗತಿ ಕಾಗದಪತ್ರದ್ದು. ಇಲ್ಲಿ ಕೆಲಸ ಬಿಡುವವರಿಗೆ ಅವರ ಕೆಲಸದ ಬಗ್ಗೆ ಲಿಖಿತ ಪ್ರಮಾಣಪತ್ರ ಕೊಡುವುದು ಕಂಪನಿಯ ಕಾನೂನುಬದ್ಧ ಕರ್ತವ್ಯ. ನಮ್ಮಲ್ಲಿ ಒಂದು ರಿಲೀವಿಂಗ್ ಲೆಟರಿಗೆ ಎಚ್‌ಆರ್ ಬಾಗಿಲು ಎಷ್ಟು ಸಲ ತಟ್ಟಬೇಕು! ತೆಗೆದುಹಾಕುವವರೂ "ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್ ಚೆನ್ನಾಗಿರುತ್ತೆ" ಎನ್ನುತ್ತಾರೆ. ಕೂಡಲೇ ಸಹಿ ಹಾಕಬೇಡಿ. ಪರಿಹಾರದ ಮಾತು ಬರವಣಿಗೆಯಲ್ಲಿ ಬರಲಿ. ಜರ್ಮನಿಯಲ್ಲಂತೂ ಸಕಾರಣವಿಲ್ಲದೆ ತಾವಾಗಿ ಬಿಟ್ಟವರಿಗೆ 12 ವಾರ ಭತ್ಯೆ ಇಲ್ಲ.

ಕರ್ನಾಟಕದಲ್ಲಿ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಅದು ಹೊಸದಾಗಿ ಓದು ಮುಗಿಸಿದವರಿಗೆ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು, ಆದರೆ ಅದರ ನೆರವು ಗರಿಷ್ಠ 90 ದಿನ. ಹದಿನೈದು ವರ್ಷ ದುಡಿದು, ತೆರಿಗೆ ಕಟ್ಟಿ, ನಲವತ್ತರಲ್ಲಿ ಕೆಲಸ ಕಳೆದುಕೊಂಡ ಮಧ್ಯಮ ವರ್ಗದವರ ಪಾಲಿಗೆ ಉಳಿಯುವುದು ತಮ್ಮದೇ ಪಿಎಫ್ ಹಣ. ಅವರ ಸಂಬಳದಿಂದಲೂ ಒಂದಿಷ್ಟು ವಿಮೆಗೆ ಮುರಿದು, ಕೆಲಸ ಹೋದಾಗ ಆರು ತಿಂಗಳ ಆಸರೆಯನ್ನೂ ತರಬೇತಿಯನ್ನೂ ಕೊಡುವ ವ್ಯವಸ್ಥೆ ಬೇಕೆಂದು ಐಟಿ ನೌಕರರ ಸಂಘಟನೆಗಳು ಪಟ್ಟುಹಿಡಿಯಬೇಕು.

ಅಲ್ಲಿಯವರೆಗೆ, ಊರಿನಿಂದ ಫೋನು ಮಾಡುವ ಹುಡುಗರಿಗೆ ನಾನು ಹೇಳುವುದಿಷ್ಟು. ಇವತ್ತೇ ಮನೆಯಲ್ಲಿ ಹೇಳಿ. ಕಂತು ಬೌನ್ಸ್ ಆಗುವ ಮುಂಚೆ ಬ್ಯಾಂಕಿಗೆ ಹೋಗಿ ಮಾತಾಡಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಸರಿಯಾಗಿ ಬಿದ್ದಿದೆಯೇ ನೋಡಿಕೊಳ್ಳಿ. ದುಡ್ಡು ಕಟ್ಟಿಸಿಕೊಂಡು ಕೆಲಸ ಕೊಡಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ರೆಸ್ಯೂಮೆಯಲ್ಲಿ ಖಾಲಿ ತಿಂಗಳುಗಳನ್ನು ಸುಳ್ಳು ಅನುಭವದಿಂದ ತುಂಬಬೇಡಿ. ಆ ತಿಂಗಳಲ್ಲಿ ಏನು ಕಲಿತಿರೋ ಅದನ್ನೇ ಬರೆಯಿರಿ. ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡುವಾಗ "ಏನಾದರೂ ಇದ್ದರೆ ಹೇಳಿ" ಎನ್ನಬೇಡಿ, ಯಾವ ಕೆಲಸ, ಯಾವ ಊರು, ಯಾವಾಗಿಂದ ಎಂದು ಬಿಡಿಸಿ ಹೇಳಿ, ಅವರು ಇನ್ನೊಬ್ಬರಿಗೆ ದಾಟಿಸಲು ಸುಲಭವಾಗುತ್ತದೆ.