ಕಾಗದ ಮುಟ್ಟದಿದ್ದರೆ ಗುಂಡು ಗ್ಯಾರಂಟಿ

ಜೊನಾಥನ್ ಸಿಲಿ ಅಮೆರಿಕದ ಮೇನ್ ರಾಜ್ಯದ ಸಂಸದ. ವಿಲಿಯಂ ಗ್ರೇವ್ಸ್ ಕೆಂಟಕಿಯ ಸಂಸದ. ಇಬ್ಬರ ನಡುವೆ ಜಗಳವೇ ಇರಲಿಲ್ಲ. ಹಾಗಾಗಿ 1838ರಲ್ಲಿ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲಲು ಹೊರಟರು.

ಸಿಲಿಗೆ ಜಗಳ ಇದ್ದದ್ದು ನ್ಯೂಯಾರ್ಕಿನ ಸಂಪಾದಕ ಜೇಮ್ಸ್ ವಾಟ್ಸನ್ ವೆಬ್ ಜೊತೆ. ಬ್ಯಾಂಕು ಸಾಲ ಕೊಟ್ಟ ಮೇಲೆ ವೆಬ್ ಪತ್ರಿಕೆ ರಾಗ ಬದಲಿಸಿತು ಎಂದು ಸಿಲಿ ಸದನದಲ್ಲಿ ಚುಚ್ಚಿದ್ದರು. ವಿವರಣೆ ಕೇಳಿ ವೆಬ್ ಕಾಗದ ಬರೆದರು. ತಂದು ಕೊಡಲು ಹೋದವರು ಗ್ರೇವ್ಸ್. ಸಿಲಿ ಅದನ್ನು ಮುಟ್ಟಲಿಲ್ಲ.

ಮರ್ಯಾದೆಯ ಗಣಿತ ಶುರುವಾಗುವುದೇ ಇಲ್ಲಿ. ಕಾಗದ ಬೇಡ ಅಂದರೆ ಬರೆದವನು ದೊಡ್ಡಮನುಷ್ಯ ಅಲ್ಲ ಅಂತ. ಅವನ ಕಾಗದ ತಂದವನೂ ದೊಡ್ಡಮನುಷ್ಯ ಅಲ್ಲ ಅಂತ. ಅಲ್ಲಿಗೆ ಗ್ರೇವ್ಸ್‌ಗೆ ಅವಮಾನ! ‘ನಿಮ್ಮ ಮೇಲೆ ನನಗೆ ಬಹಳ ಗೌರವ ಸ್ವಾಮಿ’ ಎಂಬರ್ಥದಲ್ಲಿ ಸಿಲಿ ಹೇಳಿಯೂ ನೋಡಿದರು. ಊಹೂಂ, ವೆಬ್ ಕೂಡ ದೊಡ್ಡಮನುಷ್ಯ ಅನ್ನಬೇಕಂತೆ. ಅದೊಂದು ಮಾತು ಸಿಲಿ ಬಾಯಿಂದ ಬರಲಿಲ್ಲ. ಗ್ರೇವ್ಸ್ ಡ್ಯುಯೆಲ್‌ಗೆ, ಅಂದರೆ ಮರ್ಯಾದೆಗಾಗಿ ಇಬ್ಬರು ಎದುರುಬದುರು ನಿಂತು ಆಯುಧ ಹಿಡಿದು ನಡೆಸುವ ಕಾಳಗಕ್ಕೆ, ಸವಾಲು ಹಾಕಿದರು.

ಫೆಬ್ರುವರಿ 24. ವಾಷಿಂಗ್ಟನ್ ಗಡಿ ದಾಟಿ ಮೇರಿಲ್ಯಾಂಡ್‌ನ ಬಯಲು. ಕೈಯಲ್ಲಿ ರೈಫಲ್, ನಡುವೆ 80 ಗಜ. ಮೊದಲ ಸುತ್ತು ಗುರಿ ತಪ್ಪಿತು. ಎರಡೂ ಕಡೆಯವರು ಸೇರಿ ಮಾತುಕತೆ ನಡೆಸಿದರು. ಗೌರವ ಇದೆಯೇ? ಇದೆ. ದ್ವೇಷ? ಇಲ್ಲ. ಸರಿ, ಇನ್ನೊಂದು ಸುತ್ತು. ಅದೂ ತಪ್ಪಿತು. ಮತ್ತೆ ಅದೇ ಮಾತು, ಅದೇ ಗೌರವ. ಮೂರನೇ ಸುತ್ತಿಗೆ ಸಿಲಿ ಸತ್ತರು. ವೆಬ್ ಮಾತ್ರ ಆರಾಮಾಗಿದ್ದರು.

ಇದಕ್ಕೆ ಮೇಲ್ಪಂಕ್ತಿಯೂ ಇತ್ತು ಅನ್ನಿ. 1804ರಲ್ಲಿ ಉಪಾಧ್ಯಕ್ಷ ಆರನ್ ಬರ್ ಅವರು ಮಾಜಿ ಹಣಕಾಸು ಸಚಿವ ಹ್ಯಾಮಿಲ್ಟನ್ ಅವರನ್ನು ಡ್ಯುಯೆಲ್‌ನಲ್ಲಿ ಕೊಂದು, ಎರಡು ರಾಜ್ಯಗಳ ಕೊಲೆ ಆರೋಪ ಹೊತ್ತುಕೊಂಡೇ ಸೆನೆಟ್‌ಗೆ ಬಂದು, ಒಬ್ಬ ನ್ಯಾಯಾಧೀಶರ ವಿಚಾರಣೆಗೆ ಅಧ್ಯಕ್ಷತೆ ವಹಿಸಿದ್ದರು.

ಸಿಲಿ ಅಂತ್ಯಕ್ರಿಯೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಡ್ಯುಯೆಲ್ ವಿರೋಧಿಸಿ ಹೋಗಲಿಲ್ಲ. ಗ್ರೇವ್ಸ್‌ರನ್ನು ಹೊರಹಾಕಿ ಎಂದು ಸದನದ ಸಮಿತಿ ಹೇಳಿತು. ಸದನ ಹಾಕಲಿಲ್ಲ. ಬದಲಿಗೆ 1839ರಲ್ಲಿ ಖಡಕ್ ಕಾನೂನು ಬಂತು: ವಾಷಿಂಗ್ಟನ್ ಒಳಗೆ ಡ್ಯುಯೆಲ್‌ಗೆ ಕರೆಯುವಂತಿಲ್ಲ, ಒಪ್ಪುವಂತಿಲ್ಲ. ಗುಂಡು ಹಾರಿದ್ದು ಮೇರಿಲ್ಯಾಂಡ್‌ನಲ್ಲಿ ಅಲ್ವಾ? ಇರಲಿ ಬಿಡಿ.

ಗ್ರೇವ್ಸ್ ಅವರ ಕೆಂಟಕಿಯಲ್ಲಿ ಇವತ್ತಿಗೂ ಗವರ್ನರ್, ಶಾಸಕರು, ವಕೀಲರು ಎಲ್ಲರೂ ‘ನಾನು ಮಾರಕಾಸ್ತ್ರ ಹಿಡಿದು ಡ್ಯುಯೆಲ್ ಆಡಿಲ್ಲ’ ಎಂದು ಪ್ರಮಾಣ ಮಾಡಲೇಬೇಕು. ಅದರಲ್ಲಿ ಇನ್ನೊಂದು ಸಾಲೂ ಇದೆ: ಬೇರೆಯವರ ಸವಾಲನ್ನು ಹೊತ್ತುಕೊಂಡೂ ಹೋಗಿಲ್ಲ ಅಂತ.