ಬೀವರ್ ಹತ್ರ ಸೋತವನ ಪುರಾಣ

ನ್ಯೂಯಾರ್ಕ್ ಅಂದ್ರೆ ಎಲ್ರಿಗೂ ಮ್ಯಾನ್‌ಹಟನ್ನೇ ನೆನಪಾಗೋದು, ನಾವಿರೋದು ಅದೇ ರಾಜ್ಯದಲ್ಲಿ ಆದ್ರೆ ರಾಜಧಾನಿ ಆಲ್ಬನಿಯಿಂದ್ಲೂ ಆಚೆ, ನಮ್ಮ ತೀರ್ಥಹಳ್ಳಿ ಕಡೆ ಹಳ್ಳಿ ಇದ್ದಂಗೇ ಇದೆ ಮಾರಾಯ್ರೆ, ಅಡಿಕೆ ತೋಟದ ಬದ್ಲು ಹುಲ್ಲಿನ ಹೊಲ ಅಷ್ಟೇ. ಜಾಗದ ಕೆಳಗಡೆ ಒಂದು ಹಳ್ಳ. ಹೋದ ವರ್ಷ ಅಲ್ಲಿಗೆ ಬೀವರ್ ಸಂಸಾರ ಸಮೇತ ಬಂದು ಕೂತ್ಕೊಳ್ತು.

ನೀರುನಾಯಿ ಅಂದ್ಕೋಬೇಡಿ, ಅದು ಬೇರೆ. ಇದು ಇಲಿ ಹೆಗ್ಗಣದ ನೆಂಟ, 20-25 ಕೆಜಿ ತೂಗುತ್ತೆ, ಹಲ್ಲಲ್ಲಿ ಕಬ್ಬಿಣದ ಅಂಶ ಇರೋದಕ್ಕೆ ಅದ್ರ ಬಣ್ಣ ಕಿತ್ತಳೆ. ಬೆಳಗಾಗೋದ್ರಲ್ಲಿ ಮೂರು ಸೇಬಿನ ಗಿಡ ಮಲಗಿದ್ವು. ಬುಡ ನೋಡಿದ್ರೆ ಪೆನ್ಸಿಲ್ ಜೀವಿದಂಗೆ, ಸುತ್ತ ಹೆಬ್ಬೆರಳಗಲದ ಚಕ್ಕೆ. ಕಡಿದ ಕೋಲು, ಕೆಸರು ಪೇರಿಸಿ ಹಳ್ಳಕ್ಕೆ ಅಡ್ಡ ಕಟ್ಟ ಹಾಕ್ತು, ಅದಾಗಿ ಹದಿನೈದು ದಿನಕ್ಕೆ ಹುಲ್ಲಿನ ಹೊಲಕ್ಕೂ ನೀರು, ಪಕ್ಕದ ಮನೆ ಅಜ್ಜನ ಟ್ರ್ಯಾಕ್ಟರ್ ಹೂತ್ಕೊಂಡು ಅದನ್ನ ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ಬರ್ಬೇಕಾಯ್ತು.

ಇಲ್ಲಿ ಅದ್ರ ಕಟ್ಟ ಮುಟ್ಟೋಕೂ ಪರ್ಮಿಟ್ ಬೇಕು. ರಾಜ್ಯದ ಅಧಿಕೃತ ಪ್ರಾಣಿ ಅಲ್ವಾ! ಆಲ್ಬನಿಗೆ ಡಚ್ಚರು ಇಟ್ಟ ಹೆಸರೇ ಬೀವರ್‌ವೈಕ್, ಊರು ಬೆಳೆದಿದ್ದೇ ಇದ್ರ ಚರ್ಮದ ವ್ಯಾಪಾರದಲ್ಲಿ, 1900ರ ಹೊತ್ತಿಗೆ ಕೊಂದೂ ಕೊಂದೂ ಹೆಚ್ಚುಕಮ್ಮಿ ಮುಗ್ಸೇ ಬಿಟ್ಟಿದ್ರು, ಆಮೇಲೆ ತಂದು ಬಿಟ್ಟು ಬೆಳೆಸಿದ್ದು. ಸರಿ, ಪರ್ಮಿಟ್ ತಗೊಂಡು ಒಂದು ಭಾನುವಾರ ಪೂರ್ತಿ ಕಟ್ಟ ಕಿತ್ತೆ. ಸೋಮವಾರ ಬೆಳಿಗ್ಗೆ ನೋಡಿದ್ರೆ ಮತ್ತೆ ಅಲ್ಲೇ ಇದೆ, ಹಸಿ ಕೆಸರು ಮೆತ್ತಿ, ನಾನು ಕಿತ್ತೆಸೆದ ಕೋಲನ್ನೇ ಹಾಕಿ! ಅಪ್ಪಯ್ಯಂಗೆ ಫೋನಲ್ಲಿ ಹೇಳಿದ್ರೆ "ನಮ್ಮಲ್ಲಿ ಹಳ್ಳಕ್ಕೆ ಕಟ್ಟ ಹಾಕೋಕೆ ಆಳೇ ಸಿಗ್ತಿಲ್ಲ ಮಾರಾಯ, ಎರಡು ಕಳ್ಸು" ಅಂತ ನಗ್ತಾರೆ.

ಹಿಡಿದು ಕೊಲ್ಸಿದ್ರೆ ಮುಗೀತಲ್ಲ ಅಂತ ಸುಮಾರು ಜನ ಹೇಳಿದ್ರು. ಮುಗಿಯಲ್ಲ. ಎರಡು ವರ್ಷ ತುಂಬಿದ ಮರಿಗಳು ಮನೆ ಬಿಟ್ಟು ಹೊಸ ಜಾಗ ಹುಡುಕ್ತಾ ಬರ್ತವೆ, ಖಾಲಿ ಹಳ್ಳ ಕಂಡ್ರೆ ಬಿಡ್ತವಾ? ಅದ್ರ ತಲೇಲಿರೋದು ಒಂದೇ, ನೀರು ಹರಿಯೋ ಸದ್ದು ಕೇಳಿದ್ರೆ ಮುಚ್ಬೇಕು. ಸ್ವೀಡನ್ನಿನ ಪ್ರಾಣಿತಜ್ಞ ಲಾರ್ಸ್ ವಿಲ್ಸನ್ ಅನ್ನೋರು ಸ್ಪೀಕರಲ್ಲಿ ಹರಿಯೋ ನೀರಿನ ಸದ್ದು ಹಾಕಿದ್ರೆ ಬೀವರ್‌ಗಳು ಸ್ಪೀಕರ್ ಮೇಲೇ ಕಡ್ಡಿ ಕೆಸರು ಪೇರಿಸಿದ್ವಂತೆ. ಹಂಗಾಗಿ ಸದ್ದಿಲ್ದೆ ನೀರು ಕದೀಬೇಕು. ಕಟ್ಟದೊಳಗಿಂದ ಉದ್ದಕ್ಕೆ ದಪ್ಪ ಪ್ಲಾಸ್ಟಿಕ್ ಪೈಪ್ ತೂರಿಸಿ, ಮೇಲ್ಗಡೆ ಬಾಯಿನ ದೂರ ಆಳದ ನೀರಲ್ಲಿ ಮುಳುಗ್ಸಿ ಅದಕ್ಕೆ ತಂತಿ ಬೋನು. ನೀರು ಎಲ್ಲಿಂದ ಹೋಗ್ತಿದೆ ಅಂತ ಬೀವರ್‌ಗೆ ಗೊತ್ತೇ ಆಗಲ್ಲ. ಕಟ್ಟದಲ್ಲಿ ಪೈಪ್ ಎಷ್ಟು ಎತ್ತರಕ್ಕಿದ್ಯೋ ನೀರು ಅಲ್ಲಿಗೇ ನಿಲ್ಲುತ್ತೆ. ಉಳಿದ ಗಿಡಗಳ ಬುಡಕ್ಕೆ 4 ಅಡಿ ವೆಲ್ಡ್ ಮೆಶ್ ಸುತ್ತಿದೆ. ಹೊಲ ಒಣಗ್ತು, ಅಂಚಲ್ಲಿ ಒಂದು ಪಟ್ಟಿ ಮಾತ್ರ ಬಿಟ್ಕೊಟ್ಟಿದ್ದೀನಿ, ಅಜ್ಜಂಗೆ ಅದ್ರದ್ದೇ ಸಿಟ್ಟು. ಅವ್ರ ಸಿಟ್ಟು ತಪ್ಪಲ್ಲ, ರೀಲ್ಸಲ್ಲಿ "ಎಷ್ಟು ಕ್ಯೂಟು" ಅನ್ನೋರ ಹುಲ್ಲು ಅಲ್ವಲ್ಲ ಕೊಳೆಯೋದು.

ಊರಿನ ಗೆಳೆಯ ಒಬ್ಬ ಕೇಳ್ದ, ಅಲ್ಲಿ ಬೀವರ್ ಜೊತೆ ರಾಜಿ, ಇಲ್ಲಿ ಬಂದಾಗ ಮಂಗ ಓಡ್ಸೋಕೆ ಗರ್ನಾಲು, ಇದೆಂಥ ನ್ಯಾಯ ಅಂತ. ಬೀವರ್‌ಗೆ ಬೇಕಾಗಿರೋದು ಮುಳುಗೋವಷ್ಟು ನೀರು, ಅಷ್ಟು ಕೊಟ್ಟು ಉಳಿದದ್ದನ್ನ ನಾನು ಕದೀಬಹುದು. ಮಂಗಕ್ಕೆ ಬೇಕಾಗಿರೋದು ಅಪ್ಪಯ್ಯನ ಬಾಳೆಗೊನೆ, ಎಳನೀರು, ಏಲಕ್ಕಿ ಎಲ್ಲಾ. ಅದಕ್ಕೆ ಯಾವ ಪೈಪ್ ಹಾಕ್ಲಿ? ಪ್ರಾಣಿ ಕಾಟ ಅಂತ ಎಲ್ಲದಕ್ಕೂ ಒಂದೇ ಉಪದೇಶ ಕೊಡೋರು ಒಂದು ವಾರ ತೋಟ ಕಾಯ್ಲಿ.

ಪೈಪಿನ ಬೋನಿಗೆ ಎಲೆ ಕಟ್ಕೊಂಡಿದೆ, ಶನಿವಾರ ಇಳಿದು ಬಿಡಿಸ್ಬೇಕು. ಎಡಗಾಲಿನ ಗಮ್‌ಬೂಟು ಬೇರೆ ಸೋರ್ತಿದೆ.