ಹಬ್ಬದ ಎಣ್ಣೆ, ಭಾವನ ಕೊಳ

ಈಜುಕೊಳ ಕಟ್ಟಿಸುವವರಿಗೆ ಈಜು ಬರಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ನಮ್ಮ ಭಾವ ಸರ್ಜಾಪುರದ ಆಚೆ ಮನೆ ಕಟ್ಟಿಸಿದಾಗ ಹಿತ್ತಲಿನಲ್ಲಿ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕೊಳವೊಂದನ್ನೂ ತೋಡಿಸಿದರು. ಅವರು ಅದಕ್ಕೆ ಇಳಿಯುವುದು ಮೊಣಕಾಲಿನವರೆಗೆ ಮಾತ್ರ. ಅದೂ ಮೆಟ್ಟಿಲ ಮೇಲೆ ಕುಳಿತು, ಕಾಫಿ ಲೋಟ ಹಿಡಿದು. ಉಳಿದಂತೆ ಅದು ಇರುವುದು ನೆಂಟರ ಮಕ್ಕಳಿಗೆ, ಫೋಟೋ ತೆಗೆಸಿಕೊಳ್ಳುವವರಿಗೆ ಮತ್ತು ತಿಂಗಳ ಕೊನೆಯಲ್ಲಿ ವಿದ್ಯುತ್ ಬಿಲ್ ಕೈಗೆ ಬಂದಾಗ ಅಕ್ಕನ ಬೈಗುಳಕ್ಕೆ.

2024ರ ಯುಗಾದಿಗೆ ನಾವೆಲ್ಲ ಅಲ್ಲಿ ಸೇರಿದ್ದೆವು. ಆ ಬೇಸಿಗೆಯನ್ನು ಬೆಂಗಳೂರಿನವರು ಅಷ್ಟು ಸುಲಭವಾಗಿ ಮರೆಯಲಾರರು. ಕೊಳವೆಬಾವಿಗಳು ಕೈಕೊಟ್ಟು, ಟ್ಯಾಂಕರಿನವರು ಫೋನ್ ಎತ್ತಿದರೆ ಅದೇ ಪುಣ್ಯ ಎನ್ನುವ ಕಾಲ. ಮಾರ್ಚ್ ತಿಂಗಳಿನಲ್ಲಿಯೇ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತ್ತು. ಅಕ್ಕನ ಮನೆಯ ಕೊಳದಲ್ಲಿದ್ದದ್ದು ಚಳಿಗಾಲದಲ್ಲಿ ಅವರದೇ ಕೊಳವೆಬಾವಿಯಿಂದ ತುಂಬಿಸಿದ ನೀರು, ಸುಮಾರು ನಲವತ್ತೈದು ಸಾವಿರ ಲೀಟರ್. ಈಗ ಆ ಕೊಳವೆಬಾವಿಯ ನೀರು ಅಡುಗೆಮನೆಗೇ ಸಾಲುತ್ತಿರಲಿಲ್ಲ. ಕೊಳ ಕೆಟ್ಟರೆ ಚೆಲ್ಲಿ ಹೊಸ ನೀರು ತುಂಬಿಸುವ ಮಾತೇ ಇಲ್ಲ. ಇರುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಂದು ಭಾವ ಹಬ್ಬದ ಹಿಂದಿನ ರಾತ್ರಿ ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದರು.

ಎಣ್ಣೆ ಬಿಟ್ಟದ್ದು ನಿಜ, ಆದರೆ ಕಣ್ಣಿಗಲ್ಲ.

ಹಬ್ಬದ ಬೆಳಗ್ಗೆ ಭಾವನ ತಾಯಿ, ನಮಗೆಲ್ಲ ಹಾಸನದ ಅಜ್ಜಿ, ಮಕ್ಕಳನ್ನು ಸಾಲಾಗಿ ಮಣೆಗಳ ಮೇಲೆ ಕೂರಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿದರು. ಅಜ್ಜಿಯದು ಧಾರಾಳದ ಕೈ. ನೆತ್ತಿಯಿಂದ ಇಳಿದದ್ದನ್ನು ಕಿವಿಗೆ, ಕಿವಿಯಿಂದ ಇಳಿದದ್ದನ್ನು ಬೆನ್ನಿಗೆ ತಿಕ್ಕುತ್ತಾ ಹೋದರು. ಒಳಗೆ ಹೋಗಿ ಸೀಗೆಪುಡಿ ಕಲಸಿಕೊಂಡು ಬರುವಷ್ಟರಲ್ಲಿ ಮಣೆಗಳೆಲ್ಲ ಖಾಲಿ. ಕೊಳದಲ್ಲಿ ಏಳು ತಲೆಗಳು ಮಿರಿಮಿರಿ ಮಿಂಚುತ್ತಿದ್ದವು. "ಸೀಗೆಪುಡಿ ಹಾಕದೆ ಎಣ್ಣೆ ಹೋಗುವುದಿಲ್ಲ, ಬನ್ರೋ" ಎಂದು ಅಜ್ಜಿ ದಡದಲ್ಲಿ ನಿಂತು ಕೂಗಿದರು. ನನ್ನ ಕಿರಿಯ ಸೋದರಳಿಯ ಹಿರಿಯರ ಮಾತು ಮೀರುವವನಲ್ಲ. ಬಟ್ಟಲನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡು ಹೋಗಿ ಕೊಳದ ನಡುವೆಯೇ ತಲೆ ತೊಳೆದುಕೊಂಡ. ಉಳಿದದ್ದನ್ನು ಅಣ್ಣಂದಿರಿಗೂ ಹಂಚಿದ.

ಸಂಜೆಯ ಹೊತ್ತಿಗೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ, ಕೆಳಗೆ ಬರೀ ಬೂದು. ಎರಡನೆಯ ಮೆಟ್ಟಿಲು ಕಾಣುತ್ತಿತ್ತು. ಮೂರನೆಯದು ಇದೆಯೆಂದು ನಂಬಬೇಕಿತ್ತು. ತಳದ ಜಾಲರಿ ಕಾಣದ ಕೊಳಕ್ಕೆ ಯಾರನ್ನೂ ಇಳಿಸಕೂಡದು, ಮಗುವೊಂದು ಮುಳುಗಿದರೂ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಇದರಲ್ಲಿ ಮಾತ್ರ ಅಕ್ಕ ಯಾರ ತಮಾಷೆಗೂ ಎಡೆ ಕೊಡಲಿಲ್ಲ. ಗೇಟಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೊಳ ನೋಡಿಕೊಳ್ಳುವ ಹುಡುಗ ಹಬ್ಬಕ್ಕೆಂದು ಯಾದಗಿರಿ ಕಡೆಯ ತನ್ನ ಊರಿಗೆ ಹೋಗಿದ್ದ. ಅವನ ಫೋನ್ ಸ್ವಿಚ್ ಆಫ್. ಹಾಗಾಗಿ ಚಿಕಿತ್ಸೆಯ ಹೊಣೆ ಇಡೀ ಬಳಗದ ಮೇಲೆ ಬಿತ್ತು. ನೀರಿಗೆ ಏನಾದರೊಂದನ್ನು ಹಾಕಲೇಬೇಕು ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಏನನ್ನು ಎಂಬುದರಲ್ಲಷ್ಟೇ ಜಗಳ. ಬೇಡದ್ದೆಲ್ಲ ಬಿದ್ದೇ ಕೊಳ ಕೆಟ್ಟಿದೆ, ಅದನ್ನು ಹೊರಗೆ ತೆಗೆಯುವುದು ಹೇಗೆ ನೋಡೋಣ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಬಾಯಲ್ಲಿ ಒಬ್ಬಟ್ಟಿತ್ತು.

ಮೊದಲು ಮೂಸಿ ನೋಡಿದವರು ಎದುರು ಮನೆಯ ನಿವೃತ್ತ ಎಂಜಿನಿಯರ್. "ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತಿದೆ. ನೀವು ಹಾಕಿದ್ದು ಹೆಚ್ಚಾಗಿದೆ" ಎಂದರು. ಅಸಲಿಗೆ ವಿಷಯ ತಿರುಗಾಮುರುಗಾ. ಈಜುಕೊಳದಲ್ಲಿ ಮೂಗಿಗೆ ಹೊಡೆಯುವ ಆ ವಾಸನೆ ಬರುವುದು ಕ್ಲೋರಿನ್ನು ಬೆವರಿನ ಜೊತೆ, ಮತ್ತು ಯಾವ ಮಗುವೂ ಒಪ್ಪಿಕೊಳ್ಳದ ಇನ್ನೊಂದು ದ್ರವದ ಜೊತೆ ಕೂಡಿಕೊಂಡಾಗ. ಅಂದರೆ ಕ್ಲೋರಿನ್ ಸಾಲದೆ ಬಂದ ವಾಸನೆ. ಭಾವನಿಗೆ ಇದು ಗೊತ್ತಿತ್ತು ಎಂದಲ್ಲ; ಎಂಜಿನಿಯರ್ ಏನು ಹೇಳಿದರೂ ಅದಕ್ಕೆ ಉಲ್ಟಾ ಮಾಡುವುದು ಅವರ ಹಳೆಯ ಪದ್ಧತಿ. ಅಂಗಡಿಯಿಂದ ಬ್ಲೀಚಿಂಗ್ ಪೌಡರ್ ತರಿಸಿ, ಬಕೆಟ್‌ನಲ್ಲಿ ಕದಡಿ, ಅಡಿಯ ಗಸಿಯನ್ನೂ ಬಿಡದೆ ಸುರಿದರು.

ಮಜ್ಜಿಗೆಯಾಗಿದ್ದ ಕೊಳ ಹಾಲಾಯಿತು.

ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣವಿರುತ್ತದೆ. ಅವರ ಕೊಳವೆಬಾವಿಯದು ಮೊದಲೇ ಗಡಸು ನೀರು. ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ, ಮೇಲೇರಿದ ಕೂಡಲೇ ಅದುವರೆಗೆ ಕರಗಿ ತೆಪ್ಪಗಿದ್ದ ಸುಣ್ಣದ ಅಂಶವೂ ಬೆಳ್ಳನೆಯ ಹುಡಿಯಾಗಿ ಈಚೆಗೆ ಬಂದು ತೇಲತೊಡಗುತ್ತದೆ. ಅಷ್ಟೇ ಅಲ್ಲ, ಪಿಎಚ್ 7.5ರ ಹತ್ತಿರ ಇದ್ದರೆ ಹಾಕಿದ ಕ್ಲೋರಿನ್ನಿನಲ್ಲಿ ಸುಮಾರು ಅರ್ಧ ಚುರುಕಾಗಿ ಕೆಲಸ ಮಾಡುವ ರೂಪದಲ್ಲಿರುತ್ತದೆ. 8 ದಾಟಿದರೆ ಕಾಲು ಭಾಗವೂ ಹಾಗಿರುವುದಿಲ್ಲ. ಭಾವ ಸುರಿಯುತ್ತಾ ಹೋದಂತೆ ನೀರು ಬೆಳ್ಳಗಾಗುತ್ತಲೂ, ಕ್ಲೋರಿನ್ ಸೋಮಾರಿಯಾಗುತ್ತಲೂ ಹೋಯಿತು.

ಪರೀಕ್ಷೆಯ ಪೆಟ್ಟಿಗೆಯೊಂದು ಮನೆಯಲ್ಲಿತ್ತು. ಪುಟ್ಟ ನಳಿಗೆಯಲ್ಲಿ ಕೊಳದ ನೀರು ತುಂಬಿ, ಕೆಂಪು ದ್ರಾವಣದ ನಾಲ್ಕಾರು ಹನಿ ಬಿಟ್ಟು, ಬಂದ ಬಣ್ಣವನ್ನು ಪಕ್ಕದ ಪಟ್ಟಿಯೊಂದಿಗೆ ಹೋಲಿಸಬೇಕು. ಎಂಜಿನಿಯರ್ "ಕಿತ್ತಳೆ, 7.4" ಎಂದರು. ಭಾವ "ಕೆಂಪು, 7.8" ಎಂದರು. ಒಳಗಿನಿಂದ ಬಂದ ಅಕ್ಕ ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದೇ ನೋಟಕ್ಕೆ "ಇದು ರಾಣಿ ಬಣ್ಣ" ಎಂದಳು. ಸೀರೆ ಅಂಗಡಿಯಲ್ಲಿ ಪಳಗಿದ ಕಣ್ಣು. ಪಟ್ಟಿಯ ಕೊಟ್ಟಕೊನೆಯ ಮನೆಯಲ್ಲಿ ಅದೇ ಬಣ್ಣವಿತ್ತು, 8.2. ಆ ಪಟ್ಟಿ ಅದಕ್ಕಿಂತ ಮೇಲಿನದನ್ನು ತೋರಿಸುವುದೇ ಇಲ್ಲ.

ಪಿಎಚ್ ಇಳಿಸಲು ಆಸಿಡ್ ಬೇಕು. ಆಸಿಡ್ ಕ್ಯಾನ್ ಬಂದದ್ದೇ ತಡ, ಬ್ಲೀಚಿಂಗ್ ಪೌಡರಿನ ಗಸಿ ಅಂಟಿದ್ದ ಅದೇ ಬಕೆಟ್‌ಗೆ ಭಾವ ಕೈ ಹಾಕಿದರು. ಅವೆರಡೂ ಸೇರಿದರೆ ಏಳುವುದು ವಿಷಾನಿಲ. ಎಂಜಿನಿಯರ್ ವಯಸ್ಸಿಗೆ ಮೀರಿದ ವೇಗದಲ್ಲಿ ಬಕೆಟ್ ಕಸಿದುಕೊಂಡರು. ಬೇರೆ ಬಕೆಟ್‌ನಲ್ಲಿ ಮೊದಲು ನೀರು, ಅದಕ್ಕೆ ಸ್ವಲ್ಪ ಸ್ವಲ್ಪವೇ ಆಸಿಡ್, ಆಮೇಲೆ ಪಂಪ್ ಓಡುತ್ತಿರುವಾಗ ಆಳದ ಕಡೆಯಲ್ಲಿ ನಿಧಾನವಾಗಿ ಸುರಿಯುವುದು: ಇಷ್ಟನ್ನು ಅವರು ಶಾಸ್ತ್ರೋಕ್ತವಾಗಿ ಮಾಡಿ ಮುಗಿಸಿದರು. ಆ ದಿನ ನಡೆದ ಕೆಲಸಗಳಲ್ಲಿ ಸರಿಯಾದದ್ದು ಅದೊಂದೇ. ಅವರಿಗೆ ಕಾಫಿಯನ್ನೂ ಕೊಡಲಿಲ್ಲ.

ಬಣ್ಣ ಕಿತ್ತಳೆಗೆ ಬಂತು, ನೀರು ಮಾತ್ರ ಬೆಳ್ಳಗೇ ಇತ್ತು. ಈಗ ಅಜ್ಜಿಯ ಸರದಿ. ಮಳೆಗಾಲದ ಕೆಂಪು ನೀರನ್ನು ಹಂಡೆಯಲ್ಲಿ ತುಂಬಿ, ಪಟಿಕದ ಗಟ್ಟಿಯನ್ನು ನಾಲ್ಕು ಸುತ್ತು ಆಡಿಸಿ ತಿಳಿಯಾಗಿಸಿದ ಕೈ ಅದು. ಊರುಗಳಿಗೆ ನೀರು ಕೊಡುವ ಘಟಕಗಳಲ್ಲಿಯೂ ನಡೆಯುವುದು ಇದೇ ವಿದ್ಯೆ; ಕಣ್ಣಿಗೆ ಕಾಣದ ಕಣಗಳನ್ನು ಪಟಿಕ ಒಂದಕ್ಕೊಂದು ಅಂಟಿಸಿ ತಳಕ್ಕೆ ಕೂರಿಸುತ್ತದೆ. ಅಜ್ಜಿ ಪಟಿಕವನ್ನು ಬಟ್ಟೆಯಲ್ಲಿ ಕಟ್ಟಿ, ದಾರ ಬಿಗಿದು, ಮೊಮ್ಮಕ್ಕಳ ಕೈಗೆ ಕೊಟ್ಟು ಕೊಳಕ್ಕೆ ಪ್ರದಕ್ಷಿಣೆ ಹಾಕಿಸಿದರು. ಅಕ್ಕ ಬೀಗ ತೆರೆದು ಪಕ್ಕದಲ್ಲಿಯೇ ಕಾವಲು ನಿಂತಳು. ನಲವತ್ತೈದು ಸಾವಿರ ಲೀಟರಿಗೆ ಒಂದು ನಿಂಬೆಹಣ್ಣಿನ ಗಾತ್ರದ ಪಟಿಕ! ಆದರೂ ಅಜ್ಜಿ ಕೊನೆಗೆ ಹೇಳಿದ ಮಾತು ನೂರಕ್ಕೆ ನೂರು ಸರಿ: "ಬೆಳಗಾಗುವ ತನಕ ಈ ನೀರನ್ನು ಯಾರೂ ಅಲುಗಾಡಿಸಕೂಡದು."

ಬೆಳಗಿನ ಐದು ಗಂಟೆಗೆ ಪಂಪು ಟೈಮರಿನ ಅಪ್ಪಣೆಯಂತೆ ತಾನಾಗಿ ಎದ್ದು, ಕೂರಬೇಕೆಂದಿದ್ದ ಅಷ್ಟಿಷ್ಟನ್ನೂ ಎಬ್ಬಿಸಿತು. ಎದ್ದದ್ದರಲ್ಲಿ ಅಜ್ಜಿಯ ಕೋಪವೂ ಸೇರಿತ್ತು. "ಹಾಸನದಲ್ಲಿ ಹಂಡೆಗೆ ಟೈಮರ್ ಇರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಕೊನೆಗೆ ಹುಡುಗನ ಫೋನ್ ಸಿಕ್ಕಿತು. ಭಾವ ಹಾಕಿದ್ದನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಿದರು. ಅವನು ತಾಳ್ಮೆಯಿಂದ ಕೇಳಿ, "ಸರ್, ಫಿಲ್ಟರಿನ ಒತ್ತಡದ ಮುಳ್ಳು ಎಷ್ಟು ತೋರಿಸುತ್ತಿದೆ?" ಎಂದ.

"ತುಂಬಾ ಕಡಿಮೆ ಇದೆ. ಹೋದ ವಾರ ನಾನೇ ಮೇಲಿನ ಹಿಡಿಯನ್ನು ತಿರುಗಿಸಿ ಕಡಿಮೆ ಮಾಡಿದೆ. ಈಗ ಮೋಟಾರಿಗೆ ಶ್ರಮವೇ ಇಲ್ಲ, ಸದ್ದೂ ಇಲ್ಲ" ಎಂದು ಭಾವ ಹೆಮ್ಮೆಯಿಂದ ಹೇಳಿದರು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹಿಡಿ ಯಾವ ಹೆಸರಿನ ಮೇಲಿದೆ ಸರ್?"

ಬಿಸಿಲಿಗೆ ಮಾಸಿದ ಅಕ್ಷರಗಳನ್ನು ಭಾವ ಕನ್ನಡಕ ಏರಿಸಿ ಓದಿದರು. "ರೀಸರ್ಕ್ಯುಲೇಟ್."

ಹಿಡಿ ಅಲ್ಲಿದ್ದರೆ ನೀರು ಮರಳಿನ ಫಿಲ್ಟರಿನೊಳಗೆ ಹೋಗುವುದೇ ಇಲ್ಲ. ಪಂಪಿನಿಂದ ಬಂದದ್ದು ಹೊರಗಿನಿಂದಲೇ ಕೈಮುಗಿದು ಕೊಳಕ್ಕೆ ವಾಪಸಾಗುತ್ತದೆ. ಮರಳನ್ನು ಹಾಯುವ ತೊಂದರೆಯಿಲ್ಲದ ಮೇಲೆ ಮುಳ್ಳು ಏಕೆ ಏರೀತು? ಕೊಳದ ನೀರು ಒಂದು ವಾರದಿಂದ ಸುಮ್ಮನೆ ತಿರುಗಾಡಿಕೊಂಡಿತ್ತು. ಹುಡುಗ ಹೇಳಿದಂತೆ ಪಂಪ್ ನಿಲ್ಲಿಸಿ, ಹಿಡಿಯನ್ನು ಒತ್ತಿ ಫಿಲ್ಟರ್ ಎಂಬಲ್ಲಿಗೆ ತಿರುಗಿಸಿ, ಹಗಲೂ ರಾತ್ರಿ ಓಡಲು ಬಿಟ್ಟರು. ಮುಳ್ಳು ಏರಿದಾಗಲೆಲ್ಲ ಬ್ಯಾಕ್‌ವಾಶ್, ಅಂದರೆ ನೀರನ್ನು ಮರಳಿನಲ್ಲಿ ಹಿಮ್ಮುಖವಾಗಿ ಹರಿಸಿ ಕೊಳೆಯನ್ನು ಹೊರಹಾಕುವುದು. ಆಗ ಹೊರಬರುವ ನೀರು ಗಾಜಿನ ಕಿಂಡಿಯಲ್ಲಿ ಕಾಣುತ್ತದೆ: ಮೊದಲು ಸೀಗೆಪುಡಿಯ ಕಂದು, ಆಮೇಲೆ ಸುಣ್ಣದ ಬಿಳುಪು, ಆಮೇಲೆ ತಿಳಿ. ಬರಗಾಲದಲ್ಲಿ ಇಷ್ಟು ನೀರು ಚರಂಡಿಗೆ ಹೋಗುತ್ತಿದೆಯಲ್ಲ ಎಂದು ಅಕ್ಕ ಪೈಪನ್ನು ಕಾರು ತೊಳೆಯುವ ಕಡೆಗೆ ತಿರುಗಿಸಿದಳು. ಕರಿಬೇವಿನ ಗಿಡದ ಹತ್ತಿರ ಮಾತ್ರ ಸುಳಿಯಗೊಡಲಿಲ್ಲ.

ಜಾಲರಿ ಕಂಡ ದಿನ ಬಳಗದಲ್ಲಿ ಮತ್ತೆ ಜಗಳ. ಭಾವನ ಪ್ರಕಾರ ಅದು ಬ್ಲೀಚಿಂಗ್ ಪೌಡರಿನ ಮಹಿಮೆ, ತಡವಾಗಿ ಹತ್ತಿತು ಅಷ್ಟೇ. ಎಂಜಿನಿಯರ್ ಆಸಿಡ್ ಎಂದರು. ಅಜ್ಜಿ ವಾದಕ್ಕೆ ಇಳಿಯಲಿಲ್ಲ. ಊರಿಗೆ ಹೋದವರೇ ಒಂದು ಕಿಲೋ ಪಟಿಕವನ್ನು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳುಹಿಸಿ, ದೀಪಾವಳಿಗೆ ಬೇಕಾಗುತ್ತದೆ ಎಂದು ಹೇಳಿಸಿದರು. ಭಾವ ಅದನ್ನು ಸ್ನಾನದ ಮನೆಯಲ್ಲಿ ಇಟ್ಟುಕೊಂಡು, ಗಡ್ಡ ಕೆರೆದ ಮೇಲೆ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದಾರೆ. ಪಟಿಕ ಇನ್ನೂ ಇದೆಯೇ ಎಂದು ಅಜ್ಜಿ ಫೋನಿನಲ್ಲಿ ಕೇಳಿದಾಗಲೆಲ್ಲ, "ಇದೆ ಅಮ್ಮ, ಬಳಸುತ್ತಲೇ ಇದ್ದೇವೆ" ಎನ್ನುತ್ತಾರೆ. ಅಜ್ಜಿ ಇನ್ನೊಂದು ಕಿಲೋ ಕಳುಹಿಸಿದ್ದಾರೆ.